ಟರ್ಕಿ ಬೇಟೆಗೆ ಯಾವ ಚೋಕ್, ಯಾವ ತೋಟಾ? 60 ಗಜ ಹೊಡೆಯುತ್ತೆ ಅನ್ನೋದು ನಿಜವಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಿಮ್ಮನ್ನು ನೋಡಿ ಅಲ್ಲ, ಅಮೆರಿಕದ ಮಿಸ್ಸೂರಿ ರಾಜ್ಯಕ್ಕೆ ಬಂದ ಹೊಸದರಲ್ಲಿ ಇದೇ ಪ್ರಶ್ನೆ ಹಿಡಿದು ಅಂಗಡಿ ಅಂಗಡಿ ಅಲೆದ ನನ್ನನ್ನು ನೆನೆದು. ಆಫೀಸಿನ ಗೆಳೆಯರೊಬ್ಬರು ಏಪ್ರಿಲ್‌ನಲ್ಲಿ ಕಾಡು ಟರ್ಕಿ ಕೋಳಿ ಬೇಟೆಗೆ ಕರೆದಿದ್ದಾರೆ, ಕೈಯಲ್ಲಿ 12 ಗೇಜ್ ಪಂಪ್ ಶಾಟ್‌ಗನ್ ಇದೆ, ಜೊತೆಗೆ ಬಂದ ಮೂರು ಚೋಕ್ (ನಳಿಗೆಯ ಬಾಯಿ ಕಿರಿದು ಮಾಡುವ ಪುಟ್ಟ ಕೊಳವೆ) ಇವೆ. ಅವೇ ಸಾಕಾ, ಟರ್ಕಿ ಚೋಕ್ ಅಂತಲೇ ಬೇರೆ ಕೊಳ್ಳಬೇಕಾ, ತೋಟಾ ಯಾವುದು, ಅಂಗಡಿಯವನು ಹೇಳಿದ 60 ಗಜದ ಮಾತು ನಿಜವಾ ಅಂತ ಕೇಳಿದ್ದೀರಿ.

ಅವಸರದಲ್ಲಿದ್ದರೆ ಇಷ್ಟು ಸಾಕು. ನಿಮ್ಮ ಮೂರರಲ್ಲಿ ಅತಿ ಬಿಗಿಯಾದ ಫುಲ್ ಚೋಕನ್ನೇ ಹಾಕಿ. 3 ಇಂಚಿನ, 5ನೇ ನಂಬರ್ ಸೀಸದ ಟರ್ಕಿ ತೋಟಾ ಒಂದು ಡಬ್ಬಿ ತನ್ನಿ. ಒಂದು ಶನಿವಾರ ರೇಂಜ್‌ಗೆ ಹೋಗಿ ಕಾಗದದ ಮೇಲೆ ಹೊಡೆದು ನೋಡಿ. ಇನ್ನೂ ದುಡ್ಡು ಬಿಚ್ಚಬೇಕೋ ಬೇಡವೋ ಅಂತ ಆ ಕಾಗದವೇ ಹೇಳುತ್ತದೆ.

ಪುರುಸೊತ್ತಿದ್ದರೆ ಮುಂದೆ ಓದಿ.

ಟರ್ಕಿಗೆ ಹೊಡೆಯುವುದು ತಲೆಗೆ ಮತ್ತು ಕತ್ತಿಗೆ. ಮೈಗೆ ಅಲ್ಲ. ದೊಡ್ಡ ಗಂಡು ಹಕ್ಕಿ ಎಂಟು ಹತ್ತು ಕೆಜಿ ತೂಗುತ್ತದೆ. ದಪ್ಪ ರೆಕ್ಕೆ, ದಪ್ಪ ಎದೆ. ಮೈಗೆ ಚರೆ (ತೋಟಾದೊಳಗಿನ ಸಣ್ಣ ಗುಂಡು) ಬಿದ್ದರೆ ಹಕ್ಕಿ ಗಾಯವಾಗಿ ಓಡಿಹೋಗಿ ಎಲ್ಲೋ ಪೊದೆಯಲ್ಲಿ ಸಾಯುತ್ತದೆ. ತಲೆ ಅಂದರೆ ಎಷ್ಟು? ಹೆಚ್ಚುಕಮ್ಮಿ ಕೋಳಿಮೊಟ್ಟೆಯಷ್ಟು, ಅದರ ಕೆಳಗೆ ಬೋಳು ಕತ್ತು. ಅದರಲ್ಲೂ ತಾಗಬೇಕಾದದ್ದು ಮಿದುಳು ಇಲ್ಲ ಕತ್ತಿನ ಮೂಳೆ. ಅಷ್ಟು ಚಿಕ್ಕ ಜಾಗದಲ್ಲಿ ನಾಲ್ಕೈದು ಚರೆಯಾದರೂ ಬೀಳಬೇಕು. ಹಾಗಾಗಿ ಚರೆ ಒತ್ತಾಗಿ ಹೋಗಬೇಕು. ಚೋಕ್ ಇರುವುದೇ ಅದಕ್ಕೆ.

ನಾನು ವಿರಾಜಪೇಟೆ ಕಡೆಯವನು. ನಮ್ಮಜ್ಜನ ಹತ್ತಿರ ಜೋಡುನಳಿಗೆ ಕೋವಿ ಇತ್ತು. 'ಬಲದ್ದು ಹತ್ತಿರಕ್ಕೆ, ಎಡದ್ದು ದೂರಕ್ಕೆ' ಅನ್ನುತ್ತಿದ್ದರು. ಚೋಕ್ ಎಂಬ ಮಾತು ಅವರ ಬಾಯಲ್ಲಿ ಬಂದದ್ದು ನಾನು ಕೇಳಿಲ್ಲ, ಆದರೆ ಹೇಳುತ್ತಿದ್ದದ್ದು ಅದನ್ನೇ. ಎಡ ನಳಿಗೆಯ ಬಾಯಿ ಸ್ವಲ್ಪ ಬಿಗಿ, ಬಲದ್ದು ಸಡಿಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತಿಲ್ಲ. ನಾನು ಕಂಡಂತೆ ಆ ಕೋವಿ ಕೈಲ್‌ಪೊಳ್ದ್ (ಕೊಡಗಿನ ಆಯುಧಪೂಜೆ ಹಬ್ಬ) ದಿನ ಹೂ ಮುಡಿದು ಕೂರುತ್ತಿತ್ತು, ಆಮೇಲೆ ಮರದ ತುದಿಯಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಿತ್ತು. ತೆಂಗಿನಕಾಯಿಗೆ ಹೋಲಿಸಿದರೆ ಟರ್ಕಿ ತಲೆ ತೀರಾ ಚಿಕ್ಕದು. ತೆಂಗಿನಕಾಯಿ ಕತ್ತು ಆಡಿಸುವುದೂ ಇಲ್ಲ ಬಿಡಿ.

ಈಗಿನ ಕೋವಿಗಳಲ್ಲಿ ಚೋಕನ್ನು ಸ್ಕ್ರೂ ಥರ ತಿರುಗಿಸಿ ಬದಲಾಯಿಸಬಹುದು. 12 ಗೇಜ್ ನಳಿಗೆಯ ಒಳಗಿನ ಅಗಲ ಲೆಕ್ಕಕ್ಕೆ .729 ಇಂಚು. ನಿಮ್ಮ ಮೂರು ಚೋಕ್ ಬಹುಶಃ ಇಂಪ್ರೂವ್ಡ್ ಸಿಲಿಂಡರ್, ಮಾಡಿಫೈಡ್, ಫುಲ್ ಇರಬೇಕು. ಫುಲ್ ಅಂದರೆ ಬಾಯಿಯ ಹತ್ತಿರ ಸುಮಾರು .035 ಇಂಚು ಕಿರಿದು. ಮಿಲಿಮೀಟರ್‌ನಲ್ಲಿ ಹೇಳಿದರೆ ಒಂದು ಕೂಡ ಇಲ್ಲ! ಹಳೆಯ ಲೆಕ್ಕದಲ್ಲಿ ಫುಲ್ ಚೋಕ್ 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ 70 ಪರ್ಸೆಂಟ್ ಚರೆ ಹಾಕಬೇಕು, ಮಾಡಿಫೈಡ್ 60. ಟರ್ಕಿ ಚೋಕ್‌ಗಳು ಇನ್ನೂ ಬಿಗಿ. ಮೇಲೆ .670, .660, .650 ಅಂತ ಕೆತ್ತಿರುತ್ತಾರೆ. ಅದು ಬಾಯಿಯ ಅಗಲ.

ಬಿಗಿಯಾದಷ್ಟೂ ಒಳ್ಳೆಯದು ಅಂದುಕೊಂಡು ನಾನು ಅತಿ ಬಿಗಿಯಾದದ್ದನ್ನೇ ಮೊದಲು ಕೊಂಡೆ. ಅದು ತಪ್ಪು. ಸೀಸ ಮೆತ್ತಗಿನ ಲೋಹ. ಇಕ್ಕಟ್ಟಾದ ಬಾಗಿಲಲ್ಲಿ ಜಾತ್ರೆ ಜನ ನುಗ್ಗಿದ ಹಾಗೆ ಚರೆಗಳು ಒಂದಕ್ಕೊಂದು ಒತ್ತಿ ಚಪ್ಪಟೆಯಾಗುತ್ತವೆ. ಚಪ್ಪಟೆಯಾದ ಚರೆ ನೇರ ಹೋಗುವುದಿಲ್ಲ. ನನ್ನ ಕೋವಿಯ ಲೆಕ್ಕ ಕೊಡುತ್ತೇನೆ, ನೋಡಿ. 40 ಗಜದಲ್ಲಿ, 10 ಇಂಚಿನ ವೃತ್ತದೊಳಗೆ, ಒಂದೇ ಡಬ್ಬಿಯ 5ನೇ ನಂಬರ್ ತೋಟಾದಲ್ಲಿ, ಕೋವಿ ಜೊತೆ ಬಂದ ಫುಲ್ ಚೋಕ್ 71 ಚರೆ ಹಾಕಿತು. .660 ಚೋಕ್ 104 ಹಾಕಿತು. ಜಾಸ್ತಿ ದುಡ್ಡು ಕೊಟ್ಟು ತಂದ .640 ಚೋಕ್ 82ಕ್ಕೆ ಇಳಿಯಿತು. ಅದೇ ಚೋಕ್ ನನ್ನ ಪಕ್ಕದ ಬೆಂಚಿನವರ ಕೋವಿಯಲ್ಲಿ ಚೆನ್ನಾಗಿ ನಡೆಯಿತು. ಒಬ್ಬರ ಕೋವಿಗೆ ಒಗ್ಗಿದ್ದು ಇನ್ನೊಬ್ಬರದಕ್ಕೆ ಒಗ್ಗುವುದಿಲ್ಲ, ಅಷ್ಟೇ.

40 ಗಜದಲ್ಲಿ 10 ಇಂಚಿನ ವೃತ್ತಕ್ಕೆ 100 ಚರೆ ಅನ್ನುವುದು ಇಲ್ಲಿನ ಟರ್ಕಿ ಬೇಟೆಗಾರರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಳತೆ. ನಿಮ್ಮ ಫುಲ್ ಚೋಕ್‌ಗೆ ಆ 100 ಬರುವುದು 40 ಗಜದಲ್ಲಲ್ಲ, 30ರಲ್ಲಿ ಅಂತಾದರೆ ಏನು ಮಾಡಬೇಕು? ಹೊಸ ಚೋಕ್ ಕೊಳ್ಳಲೇಬೇಕು ಅಂತಿಲ್ಲ. 30 ಗಜದೊಳಗೆ ಬಂದ ಹಕ್ಕಿಗೆ ಮಾತ್ರ ಹೊಡೆಯಿರಿ. ನನ್ನ ಮೊದಲ ಎರಡು ಹಕ್ಕಿ ಬಿದ್ದದ್ದು ಹಾಗೇ, ಆ 71ರ ಚೋಕ್‌ನಲ್ಲಿ.

ಚೋಕ್ ಕೊಳ್ಳುವುದೇ ಆದರೆ ನಿಮ್ಮ ಕೋವಿಯ ಮಾಡೆಲ್ ಹೆಸರು ಬರೆದುಕೊಂಡು ಹೋಗಿ. ರೆಮಿಂಗ್ಟನ್ 870ರ ಚೋಕ್ ಮಾಸ್‌ಬರ್ಗ್ 500ಕ್ಕೆ ಕೂರುವುದಿಲ್ಲ. ಮಾಸ್‌ಬರ್ಗ್ ಒಳಗೇ 500ರದ್ದು ಬೇರೆ, 835ರದ್ದು ಬೇರೆ. ಸುಮ್ನೆ ಹತ್ತಿರಹತ್ತಿರ ಕೂತಿತು ಅಂತ ಹಾಕಬೇಡಿ. ಬಿಗಿ ಟರ್ಕಿ ಚೋಕ್‌ನಲ್ಲಿ ಬಾತುಕೋಳಿ ಬೇಟೆಯ ಸ್ಟೀಲ್ ತೋಟಾ ಹೊಡೆಯಬೇಡಿ. ಸ್ಟೀಲ್ ಸೀಸದ ಹಾಗೆ ಬಗ್ಗುವುದಿಲ್ಲ, ಚೋಕ್ ಉಬ್ಬಿ ನಳಿಗೆಯಲ್ಲೇ ಕಚ್ಚಿಕೊಳ್ಳಬಹುದು. ಚೋಕ್‌ನ ಸ್ಕ್ರೂ ಸುತ್ತುಗಳಿಗೆ ಚೂರು ಗ್ರೀಸ್ ಹಚ್ಚಿ, ಹತ್ತಾರು ಈಡಿಗೊಮ್ಮೆ ಕೋವಿ ಖಾಲಿ ಮಾಡಿಕೊಂಡು ಸಡಿಲಾಗಿದೆಯಾ ಅಂತ ಮುಟ್ಟಿ ನೋಡಿ.

ಇನ್ನು ತೋಟಾ. ಸೀಸದಲ್ಲಿ 4, 5, 6ನೇ ನಂಬರ್ ಸಿಗುತ್ತವೆ. ನಂಬರ್ ಹೆಚ್ಚಿದಷ್ಟೂ ಚರೆ ಚಿಕ್ಕದು. ಒಂದು ಸುಲಭ ಲೆಕ್ಕ ಇದೆ: 17ರಿಂದ ನಂಬರ್ ಕಳೆಯಿರಿ, ಬಂದದ್ದು ಇಂಚಿನ ನೂರನೇ ಭಾಗದಲ್ಲಿ ಚರೆಯ ದಪ್ಪ. 5ನೇ ನಂಬರ್ ಅಂದರೆ .12 ಇಂಚು. ಒಂದು ಔನ್ಸ್‌ಗೆ 4ನೇ ನಂಬರ್ ಸುಮಾರು 135 ಚರೆ, 5 ಸುಮಾರು 170, 6 ಸುಮಾರು 225. ನಾಲ್ಕು ಜೋರಾಗಿ ಹೊಡೆಯುತ್ತದೆ, ಆದರೆ ಎಣಿಕೆ ಕಮ್ಮಿ, ನಡುನಡುವೆ ಖಾಲಿ ಜಾಗ. ಆರು ಒತ್ತಾಗಿ ಬೀಳುತ್ತದೆ, ದೂರ ಹೋದಂತೆ ಕಸುವು ಸೋರುತ್ತದೆ. ಐದು ಎರಡಕ್ಕೂ ನಡುವೆ. ಊರಿನಿಂದ ಬಂದವರಿಗೆ ಒಂದು ಮಾತು: ಅಲ್ಲಿ ರೂಢಿಯಲ್ಲಿರುವ ಇಂಗ್ಲಿಷ್ ನಂಬರ್, ಇಲ್ಲಿನ ಅಮೆರಿಕನ್ ನಂಬರ್ ಒಂದೇ ಅಲ್ಲ. ಇಂಗ್ಲಿಷ್ 6 ಇಲ್ಲಿನ 6ಕ್ಕಿಂತ ಸಣ್ಣ ಚರೆ. ಅಜ್ಜ ಹೇಳಿದ ನಂಬರನ್ನು ಇಲ್ಲಿನ ಕೌಂಟರ್‌ನಲ್ಲಿ ಕೇಳಿದರೆ ಬೇರೆಯೇ ಸಿಗುತ್ತದೆ.

3½ ಇಂಚಿನ ತೋಟಾ ಬೇಡ. ನಾನು ಹೇಳುವುದು ಅಷ್ಟೇ. ಹಗುರ ಪಂಪ್ ಗನ್‌ನಲ್ಲಿ ಅದು ಕತ್ತೆ ಒದ್ದ ಹಾಗೆ ಒದೆಯುತ್ತದೆ. ಎರಡು ಈಡು ಹೊಡೆದ ಮೇಲೆ ಮೂರನೆಯದಕ್ಕೆ ನಿಮ್ಮ ಭುಜ ಮೊದಲೇ ಹಿಂದೆ ಸರಿಯುತ್ತದೆ, ಗುರಿ ಕೆಡುತ್ತದೆ.

ಅಂಗಡಿಯವನು 60 ಗಜ ಅಂದದ್ದು ಟಿಎಸ್‌ಎಸ್ ನೆನೆದುಕೊಂಡು ಇರಬೇಕು. ಅಂದರೆ ಟಂಗ್‌ಸ್ಟನ್ ಸೂಪರ್ ಶಾಟ್, ಟಂಗ್‌ಸ್ಟನ್ ಲೋಹದ ಚರೆ. ಸೀಸಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಭಾರ, ಅಂದರೆ ಒಂದು ಘನ ಸೆಂಟಿಮೀಟರ್‌ಗೆ ಸೀಸ 11 ಗ್ರಾಂ ಆದರೆ ಇದು ಸುಮಾರು 18. ಹಾಗಾಗಿ ಸಾಸಿವೆಯಂಥ 9ನೇ ನಂಬರ್ ಚರೆಯೂ 5ನೇ ನಂಬರ್ ಸೀಸದಷ್ಟು ಆಳ ಇಳಿಯುತ್ತದೆ. ಔನ್ಸ್‌ಗೆ ಸುಮಾರು 360 ಚರೆ ಹಿಡಿಸುತ್ತದೆ. ಚಿಕ್ಕ 20 ಗೇಜ್, .410 ಕೋವಿಗಳನ್ನೂ ಟರ್ಕಿಗೆ ಧೈರ್ಯವಾಗಿ ಒಯ್ಯುವಂತೆ ಮಾಡಿದ್ದು ಇದೇ. ವಸ್ತು ಒಳ್ಳೆಯದೇ. ಆದರೆ ಒಂದೊಂದು ತೋಟಾಗೆ ಹತ್ತು ಡಾಲರ್ ಆಸುಪಾಸು ಬೀಳುತ್ತದೆ. ಟಿಎಸ್‌ಎಸ್ ಹೊಡೆಯುವುದಾದರೆ ನಿಮ್ಮ ಚೋಕ್ ಅದಕ್ಕೆ ಆಗುತ್ತದೆ ಅಂತ ತಯಾರಕರು ಬರೆದಿದ್ದಾರಾ ನೋಡಿಕೊಳ್ಳಿ.

ನಾನು ಅದನ್ನೇ ಹಾಕಿಕೊಂಡು ಮಣ್ಣು ಮುಕ್ಕಿದ ಕಥೆಯನ್ನೂ ಹೇಳಿಬಿಡುತ್ತೇನೆ. ಮೂರನೇ ವರ್ಷ. .660 ಚೋಕ್, ಟಿಎಸ್‌ಎಸ್ ತೋಟಾ. ಹಿಂದಿನ ವಾರ 40 ಗಜದಲ್ಲಿ 230ಕ್ಕೂ ಜಾಸ್ತಿ ಚರೆ ಎಣಿಸಿ ಬೀಗಿದ್ದೆ. ಬೆಳಿಗ್ಗೆ ಆರೂವರೆ, ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದೆ. ಹಕ್ಕಿ ದೂರದಲ್ಲಿ ಕೂಗುತ್ತಿತ್ತು, ಆಮೇಲೆ ಸದ್ದೇ ಇಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಹನ್ನೆರಡು ಹೆಜ್ಜೆ ದೂರದ ಬಿದ್ದ ಮರದ ಹಿಂದಿನಿಂದ ಕೆಂಪು ತಲೆ ಎದ್ದಿತು. ಗಾಬರಿಯಲ್ಲಿ ಹೊಡೆದೆ. ಪಕ್ಕದ ಕೊಂಬೆಯ ತೊಗಟೆ ಹಾರಿತು. ಹಕ್ಕಿಯೂ ಹಾರಿತು.

ಮರುದಿನ ರೇಂಜ್‌ಗೆ ಹೋಗಿ 10 ಗಜದಲ್ಲಿ ಹೊಡೆದೆ. ಇನ್ನೂರು ಮುನ್ನೂರು ತೂತು ಕಾಣಲಿಲ್ಲ. ಮೂಸಂಬಿಯಷ್ಟು ಅಗಲದ ಒಂದೇ ತೂತು, ಅದೂ ಗುರಿಯಿಂದ ಎರಡಿಂಚು ಮೇಲೆ, ಎಡಕ್ಕೆ. ಅಷ್ಟು ಹತ್ತಿರದಲ್ಲಿ ಈ ಚೋಕ್ ಶಾಟ್‌ಗನ್ನನ್ನು ರೈಫಲ್ ಮಾಡಿಬಿಟ್ಟಿರುತ್ತದೆ. ಅದರ ಮೇಲೆ ನಾನು ಕೆನ್ನೆಯನ್ನು ಕೋವಿಯ ಹಿಂಬದಿಯ ಕಟ್ಟಿಗೆಗೆ ಒತ್ತದೆ ತಲೆ ಎತ್ತಿ ನೋಡಿದ್ದೆ. ತಲೆ ಎತ್ತಿದರೆ ಈಡು ಮೇಲೆ ಹೋಗುತ್ತದೆ. ಹಾಗಾಗಿ ಬರೀ 40 ಗಜದಲ್ಲಿ ಎಣಿಸಿ ಮನೆಗೆ ಬರಬೇಡಿ. 10, 20, 30 ಗಜದಲ್ಲೂ ಒಂದೊಂದು ಹೊಡೆಯಿರಿ.

ಮಾಡುವ ರೀತಿ ಸುಲಭ. ಅಂಗಡಿಯಲ್ಲಿ ಸುತ್ತಿ ಕೊಡುವ ಕಂದು ಕಾಗದದ ದೊಡ್ಡ ಹಾಳೆ, ಮೂರಡಿಗೆ ಮೂರಡಿ. ನಡುವೆ ಚುಕ್ಕಿ ಇಡಿ. ಮೊದಲು ಅಗ್ಗದ ಹಗುರ ತೋಟಾದಲ್ಲಿ ಹತ್ತಿರದಿಂದ ಹೊಡೆದು ಗುರಿ ಸರಿಯಿದೆಯಾ ನೋಡಿ. ಆಮೇಲೆ ಬೆಂಚಿನ ಮೇಲೆ ಕೋವಿ ಒರಗಿಸಿ ಟರ್ಕಿ ತೋಟಾ. 10 ಇಂಚಿನ ವೃತ್ತವನ್ನು ಚುಕ್ಕಿಯ ಸುತ್ತ ಎಳೆಯಬೇಡಿ, ಚರೆ ಹೆಚ್ಚು ಒತ್ತಾಗಿರುವ ಕಡೆ ಎಳೆಯಿರಿ. ಎರಡಕ್ಕೂ ಎಷ್ಟು ದೂರ ಅಂತ ಆಗ ಗೊತ್ತಾಗುತ್ತದೆ. ಎಣಿಸಿದ ತೂತಿಗೆ ಪೆನ್ನಿನಲ್ಲಿ ಗೀಟು ಹಾಕುತ್ತಾ ಹೋಗಿ, ಇಲ್ಲದಿದ್ದರೆ 60 ದಾಟುವಷ್ಟರಲ್ಲಿ ಲೆಕ್ಕ ತಪ್ಪುತ್ತದೆ. ಒಂದೇ ಈಡು ನಂಬಬೇಡಿ, ಮೂರು ಹೊಡೆದು ಸರಾಸರಿ ನೋಡಿ.

60 ಗಜದ ಬಗ್ಗೆ ನನ್ನ ಅಭಿಪ್ರಾಯ ಇದು. ಕಾಗದದ ಮೇಲೆ ಟಿಎಸ್‌ಎಸ್ ಅಷ್ಟು ದೂರ ಹೋಗುತ್ತದೆ. ಕಾಡಿನಲ್ಲಿ ದೂರ ಅಂದಾಜು ಮಾಡುವುದು ನೀವು. ಹೊಸಬರಿಗೆ 55 ಯಾವುದು 70 ಯಾವುದು ತಿಳಿಯುವುದಿಲ್ಲ. ನಾನು ಕ್ರಿಕೆಟ್ ಪಿಚ್ ಲೆಕ್ಕ ಹಾಕುತ್ತೇನೆ. ಪಿಚ್ 22 ಗಜ, ಚಿಕ್ಕಂದಿನಿಂದ ಕಣ್ಣಿಗೆ ಅಚ್ಚಾಗಿರುತ್ತದೆ, ಅಲ್ವಾ? ಒಂದು ಪಿಚ್ ದೂರದಲ್ಲಿದ್ದರೆ ಹಬ್ಬ. ಎರಡು ಪಿಚ್ ಅಂದರೆ 44 ಗಜ, ಅಲ್ಲಿ ನಾನು ಟ್ರಿಗರ್‌ನಿಂದ ಬೆರಳು ತೆಗೆಯುತ್ತೇನೆ. ಕೂತ ಕೂಡಲೇ ಒಂದು ಮರ, ಒಂದು ಬಂಡೆ ಗುರುತು ಮಾಡಿಟ್ಟುಕೊಳ್ಳಿ. ಹಕ್ಕಿ ಬಾಲ ಬಿಚ್ಚಿ ಕತ್ತು ಒಳಗೆಳೆದುಕೊಂಡು ಮೆರೆಯುವಾಗ ಹೊಡೆಯಬೇಡಿ. ಟರ್ಕಿ ಕೂಗು ಹೊರಡಿಸುವ ಸಾಧನದಲ್ಲಿ ಒಂದು ಸಣ್ಣ 'ಟಕ್' ಅನ್ನಿಸಿ, ಕತ್ತು ಉದ್ದ ಮಾಡುತ್ತದೆ. ಗುರಿ ಬೋಳು ಕತ್ತಿನ ನಡುವೆ.

ಕಾನೂನಿನದು ಬೇಗ ಹೇಳುತ್ತೇನೆ. ಮಿಸ್ಸೂರಿಯಲ್ಲಿ ಟರ್ಕಿಗೆ 4ನೇ ನಂಬರಿಗಿಂತ ದಪ್ಪ ಚರೆ ಹಾಕುವಂತಿಲ್ಲ. 1967ರ ಜನವರಿ 1 ಮತ್ತು ಆಮೇಲೆ ಹುಟ್ಟಿದವರಿಗೆ ಹಂಟರ್ ಎಜುಕೇಶನ್ ಸರ್ಟಿಫಿಕೇಟ್ ಬೇಕು. ನೀವು ಎಚ್-1ಬಿ ಥರದ ವೀಸಾದಲ್ಲಿದ್ದರೆ ಇದನ್ನು ಎರಡು ಸಲ ಓದಿ: ಫೆಡರಲ್ ಕಾನೂನಿನ ಪ್ರಕಾರ ನೀವು ಬಂದೂಕು, ತೋಟಾ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಲೈಸೆನ್ಸ್ ಅವಧಿ ಮುಗಿಯಲು ಬಿಡಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಮತ್ತೆ, ಕೆಂಪು, ಬಿಳಿ, ನೀಲಿ ಬಟ್ಟೆ ತೊಡಬೇಡಿ. ಒಳಗಿನ ಬನಿಯನ್ ಕೂಡ ಬಿಳಿ ಬೇಡ. ಗಂಡು ಟರ್ಕಿಯ ತಲೆಯ ಬಣ್ಣ ಅವೇ ಮೂರು, ಇನ್ನೊಬ್ಬ ಬೇಟೆಗಾರ ನಿಮ್ಮನ್ನು ಹಕ್ಕಿ ಅಂದುಕೊಂಡಾನು. ಕೂಗು ಕೇಳಿದ ಕಡೆ ತೆವಳಿಕೊಂಡು ಹೋಗುವುದೂ ಬೇಡ. ಆ ಕೂಗು ಮನುಷ್ಯನದ್ದೇ ಇರಬಹುದು.

ಹಕ್ಕಿ ಸಿಕ್ಕಿದರೆ ಎದೆ ಮಾಂಸ ಬೇಗ ಬೇಯುತ್ತದೆ, ಕಾಲು ಮಾತ್ರ ಗಟ್ಟಿ. ನಾವು ಕಾಲಿಗೆ ಕಾಳುಮೆಣಸು ಹುರಿದು ಹಾಕಿ, ಮೂರು ಗಂಟೆ ಸಣ್ಣ ಉರಿಯಲ್ಲಿಟ್ಟು, ಕೊನೆಗೆ ಒಂದು ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಬಿಡುತ್ತೇವೆ. ಹೆಚ್ಚುವಾಗ ಬೆರಳಿನಲ್ಲಿ ಒತ್ತಿ ಚರೆ ಹುಡುಕಿ ತೆಗೆಯಿರಿ. ನನ್ನ ಮೊದಲ ಹಕ್ಕಿಯಲ್ಲಿ ನಾನು ಏಳು ತೆಗೆದಿದ್ದೆ. ಎಂಟನೆಯದು ಹೆಂಡತಿಯ ಹಲ್ಲಿಗೆ ಸಿಕ್ಕಿತು. ಅವಳು ಮಾತಾಡದೆ ಅದನ್ನು ಸ್ಟೀಲ್ ತಟ್ಟೆಗೆ ಉಗಿದಳು. ಟಣ್ ಅಂದಿತು.