ಜೈತೂನ್ ಎಂಬ ಹಳೆಯ ಬಂದರು

ಪ್ರಶ್ನೆ: ದಕ್ಷಿಣ ಚೀನಾದ ಕ್ವಾನ್‌ಝೌ ನಗರದಲ್ಲಿ ಹಿಂದೂ ಶಿಲ್ಪಗಳಿವೆ ಎಂಬುದು ನಿಜವೇ? ಆ ಊರಿನ ವಿಶೇಷವೇನು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಜ. ಫೂಜಿಯನ್ ಪ್ರಾಂತ್ಯದಲ್ಲಿ ತೈವಾನ್ ಜಲಸಂಧಿಯ ದಡದಲ್ಲಿರುವ ಈ ನಗರವು ಕರ್ಕಾಟಕ ಸಂಕ್ರಾಂತಿ ವೃತ್ತದ ತುಸು ಉತ್ತರಕ್ಕಿದ್ದು, ಅಲ್ಲಿ ಚಳಿಗಾಲ ಹಿತವಾಗಿಯೂ ಬೇಸಿಗೆ ಮಳೆ, ಚಂಡಮಾರುತಗಳಿಂದ ಕೂಡಿಯೂ ಇರುತ್ತದೆ. 10ರಿಂದ 14ನೇ ಶತಮಾನದವರೆಗೆ, ಸಾಂಗ್ ಮತ್ತು ಯುವಾನ್ ಅರಸರ ಆಳ್ವಿಕೆಯಲ್ಲಿ, ಅರಬರು ಜೈತೂನ್ ಎಂದು ಕರೆಯುತ್ತಿದ್ದ ಈ ಬಂದರಿಗೆ ಪರ್ಷಿಯನ್, ಅರಬ್ ಮತ್ತು ತಮಿಳು ವರ್ತಕರು ಬಂದು ನೆಲೆಸಿದ್ದರು. 1281ರ ತಮಿಳು ಶಾಸನವೊಂದು ಇಲ್ಲಿ ದೊರೆತಿದೆ. ನೀವು ಕೇಳಿದ ಶಿಲ್ಪಗಳು ಕೈಯುವಾನ್ ಬೌದ್ಧ ದೇಗುಲದಲ್ಲಿವೆ. ಹಾಳಾದ ಹಿಂದೂ ಗುಡಿಯೊಂದರಿಂದ ತಂದು ಮುಖ್ಯ ಭವನದ ಹಿಂಬದಿಯಲ್ಲಿ ನಿಲ್ಲಿಸಿದ ಎರಡು ಕಂಬಗಳಲ್ಲಿ, ಹಿರಣ್ಯಕಶಿಪುವಿನ ಉದರ ಸೀಳುತ್ತಿರುವ ನರಸಿಂಹನನ್ನೂ ಕೃಷ್ಣಲೀಲೆಯ ಪ್ರಸಂಗಗಳನ್ನೂ ಇಂದಿಗೂ ಗುರುತಿಸಬಹುದು. ಬುದ್ಧನ ಆಲಯದಲ್ಲಿ ವಿಷ್ಣುವಿನ ಅವತಾರಗಳಿಗೆ ಆಶ್ರಯ ಸಿಕ್ಕಿದ್ದು ಸೊಗಸಾದ ಸಂಗತಿಯೇ ಸರಿ. 2021ರಲ್ಲಿ ಯುನೆಸ್ಕೊ ಇಲ್ಲಿನ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ನನ್ನ ಮೆಚ್ಚುಗೆ ಲುವೊಯಾಂಗ್ ಸೇತುವೆಗೆ: 1053ರಿಂದ 1059ರ ನಡುವೆ ಕಟ್ಟಿದ ಈ ಕಲ್ಲಿನ ಸೇತುವೆಯ ಬುಡದಲ್ಲಿ ಸಿಂಪಿಗಳನ್ನು ಬೆಳೆಸಿ, ಅವುಗಳ ಚಿಪ್ಪುಗಳೇ ಬಂಡೆಗಳನ್ನು ಒಂದಕ್ಕೊಂದು ಬೆಸೆಯುವಂತೆ ಮಾಡಲಾಯಿತು.