ಕೈ ಕಟ್ಟಿಕೊಂಡು ಪಕ್ಕದಲ್ಲಿ ಕೂತು ನೋಡಿ

ಪ್ರಶ್ನೆ: ನಾನು ಮೆಡಿಕಲ್ ಕೊನೆಯ ವರ್ಷದ ವಿದ್ಯಾರ್ಥಿ. ಹೆರಿಗೆಯಾಗಿ ಎರಡು ದಿನವಾಗಿದ್ದ ತಾಯಿಯೊಬ್ಬರು ‘ಹಾಲು ಸಾಲ್ತಿಲ್ಲ, ಏನು ಮಾಡ್ಲಿ ಡಾಕ್ಟ್ರೇ?’ ಎಂದು ಕೇಳಿದರು. ಹಾಲು ಬರಿಸುವ ಹಾರ್ಮೋನುಗಳಾದ ಪ್ರೊಲ್ಯಾಕ್ಟಿನ್, ಆಕ್ಸಿಟೋಸಿನ್ ಬಗ್ಗೆ ಎರಡು ಪುಟ ಬರೆಯಬಲ್ಲೆ. ಅವರಿಗೆ ಮಾತ್ರ ಏನೂ ಹೇಳಲಾಗಲಿಲ್ಲ. ಇದನ್ನು ಎಲ್ಲಿ ಕಲಿಯಲಿ ಮೇಡಂ?

ಉತ್ತರ: ನಿಮ್ಮ ವಯಸ್ಸಿನಲ್ಲಿ ನನಗೂ ಒಬ್ಬ ತಾಯಿ ಇದನ್ನೇ ಕೇಳಿದ್ದರು. ನಾನು ಪುಡಿ ಹಾಲು ಬರೆದುಕೊಟ್ಟೆ. ಆ ಮಗುವಿಗೆ ಅದು ಬೇಕಿರಲಿಲ್ಲ. ಅದು ತೊಟ್ಟಿನ ತುದಿಯನ್ನಷ್ಟೇ ಚೀಪುತ್ತಿತ್ತು. ಕಂಡುಹಿಡಿದವರು ವಾರ್ಡಿನ ಹಿರಿಯ ಸಿಸ್ಟರ್. ‘ಹಾಗಾದ್ರೆ ನನ್ನಲ್ಲಿ ಹಾಲಿತ್ತಾ?’ ಎಂದು ಆ ತಾಯಿ ಕೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಹಾಗಾಗಿ ನನ್ನ ವಿದ್ಯಾರ್ಥಿಗಳಿಗೆ ಮೊದಲು ಹೇಳುವುದು ಒಂದೇ. ತಾಯಿಯ ಒಪ್ಪಿಗೆ ಕೇಳಿ, ಪರದೆ ಎಳೆದು, ಒಂದು ಸಲ ಹಾಲೂಡಿಸುವುದನ್ನು ಶುರುವಿನಿಂದ ಕೊನೆವರೆಗೆ ಕೂತು ನೋಡಿ. ಮುಟ್ಟಬೇಡಿ. ಮಗುವಿನ ಬಾಯಿ ಅಗಲವಾಗಿ ತೆರೆದಿದೆಯಾ? ಗದ್ದ ಎದೆಗೆ ತಾಗಿದೆಯಾ? ಕೆಳತುಟಿ ಹೊರಕ್ಕೆ ಮಡಚಿದೆಯಾ? ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ಗಡೆ ಜಾಸ್ತಿ ಕಾಣಬೇಕು, ಕೆಳಗಡೆ ಕಡಿಮೆ. ತಾಯಿಗೆ ನೋವು ನಿಲ್ಲದಿದ್ದರೆ ಮಗುವಿನ ಬಾಯಿಯ ಹಿಡಿತ ಸರಿಯಿಲ್ಲ ಎಂದೇ ಮೊದಲು ಯೋಚಿಸಿ. ಮಗುವಿನ ತಲೆ ಹಿಡಿದು ಎದೆಗೆ ಒತ್ತಲೇಬೇಡಿ, ಅದು ಹಿಂದಕ್ಕೆ ಸೆಟೆಯುತ್ತದೆ. ಹೇಗೆ ಎತ್ತಿಕೊಳ್ಳಬೇಕೆಂದು ಗೊಂಬೆ ಹಿಡಿದು ತೋರಿಸಿ. ಗೆಳೆಯರ ಜೊತೆ ಮೊದಲೇ ಅಭ್ಯಾಸ ಮಾಡಿಕೊಳ್ಳಿ, ಸಂಕೋಚ ಹೋಗುತ್ತದೆ.

ಇನ್ನು ‘ಸಾಲ್ತಿಲ್ಲ’ ಎಂಬ ಮಾತು. ತಕ್ಷಣ ಸಮಾಧಾನ ಹೇಳಬೇಡಿ. ‘ಹಾಗೆ ಯಾಕನ್ನಿಸ್ತಿದೆ, ಹೇಳಿ’ ಅನ್ನಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1993ರಲ್ಲಿ ತಂದ 40 ಗಂಟೆಗಳ ತರಬೇತಿಯಲ್ಲಿ ಕಿವಿಗೊಟ್ಟು ಕೇಳುವುದಕ್ಕೇ ಬೇರೆ ಪಾಠವಿದೆ. ಕೇಳಿದ ಮೇಲೆ ವಿವರಿಸಿ: ಎರಡನೇ ದಿನ ಗಿಣ್ಣು ಹಾಲು ಸ್ವಲ್ಪವೇ ಇರುತ್ತದೆ, ದಿನಕ್ಕೆ 8ರಿಂದ 12 ಸಲ ಕುಡಿಸಿದರೆ ಹಾಲು ಹೆಚ್ಚುತ್ತದೆ. ಐದನೇ ದಿನದ ಹೊತ್ತಿಗೆ ಮಗು ದಿನಕ್ಕೆ ಆರು ಸಲವಾದರೂ ಒದ್ದೆ ಮಾಡಬೇಕು. ಮೊದಲು ತೂಕ ಸ್ವಲ್ಪ ಇಳಿದರೂ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಬರಬೇಕು. ಮಗು ಏಳದೆ ಮಲಗೇ ಇದ್ದರೆ, ಅಥವಾ ಹುಟ್ಟಿದಾಗಿನ ತೂಕದ ಹತ್ತನೇ ಒಂದು ಭಾಗದಷ್ಟು ಇಳಿದಿದ್ದರೆ, ತಡಮಾಡದೆ ಹಿರಿಯ ವೈದ್ಯರನ್ನು ಕರೆಯಿರಿ. ಕೆಲವು ಮಕ್ಕಳಿಗೆ ಮೇಲುಹಾಲು ನಿಜಕ್ಕೂ ಬೇಕಾಗುತ್ತದೆ. ಆಗ ತಾಯಿಯನ್ನು ದೂರಬೇಡಿ.

ಉತ್ತರ ಗೊತ್ತಿಲ್ಲದಿದ್ದರೆ ‘ಸಿಸ್ಟರ್‌ನ ಕರೆದುಕೊಂಡು ಬರ್ತೀನಿ’ ಎಂದು ಹೇಳಿ. ಅವರು ಬಂದ ಮೇಲೆ ನೀವು ಹೊರಟುಬಿಡಬೇಡಿ, ಅಲ್ಲೇ ಇದ್ದು ನೋಡಿ.