ಜುನಾ ಬಜಾರಿನ ಹಳೇ ಬಂಬ ತಗೋಬಹುದಾ?

ಪ್ರಶ್ನೆ: ನಾವು ಗದಗ ಕಡೆಯವರು. ಈಗ ಪುಣೆಯ ಧಾಯರಿಯಲ್ಲಿ ರೋ ಹೌಸ್‌ನಲ್ಲಿದ್ದೇವೆ, ಹಿಂದೆ ಸ್ವಲ್ಪ ತೆರೆದ ಜಾಗ ಇದೆ. ನಮ್ಮತ್ತೆಗೆ ಗೀಸರ್ ನೀರು ಒಗ್ಗಲ್ಲ, ಕಟ್ಟಿಗೆ ಉರಿಸಿ ಕಾಯಿಸುವ ಬಂಬದ ನೀರೇ ಬೇಕು ಅಂತಾರೆ. ಇಲ್ಲಿನ ಹಳೇ ಸಾಮಾನಿನ ಸಂತೆ ಜುನಾ ಬಜಾರಿನಲ್ಲಿ 40 ಲೀಟರಿನ ಹಳೇ ತಾಮ್ರದ ಬಂಬ ನೋಡಿದೆವು, ಫಳಫಳ ಹೊಳೀತಿದೆ. ಮಾರುವವರು ತೂಕದ ಮೇಲೆ ರೇಟು ಹೇಳುತ್ತಾರೆ. ನಮ್ಮಲ್ಲಿ ಬರುವುದು ಟ್ಯಾಂಕರ್ ನೀರು. ತಗೊಳ್ಳೋದಾ, ಬೇಡವಾ? ಕರೆಂಟ್ ಬಿಲ್ ಉಳಿಯುತ್ತಾ?

ಉತ್ತರ: ಆ ಹೊಳಪನ್ನು ಮೊದಲು ಮರೆತುಬಿಡಿ. ಹುಣಸೆಹಣ್ಣು, ಉಪ್ಪು ಹಾಕಿ ಅರ್ಧ ಗಂಟೆ ತಿಕ್ಕಿದರೆ ಎಂಥ ತೂತು ಬಂಬವೂ ಹಾಗೇ ಹೊಳೆಯುತ್ತದೆ. ನಾನೂ ಒಮ್ಮೆ ಹೊಳಪು ನೋಡಿ ಮೋಸ ಹೋದವನೇ. ಮನೆಗೆ ತಂದು ನೀರು ತುಂಬಿ ಬೆಂಕಿ ಹಾಕಿದರೆ ಕೆಳಗಿನ ಬೂದಿಯೆಲ್ಲ ಕೆಸರು!

ಬಂಬದ ಜೀವ ಇರುವುದು ನಡುವಿನ ಬೆಂಕಿ ಕೊಳವೆಯಲ್ಲಿ. (ಮೈಸೂರು ಕಡೆಯವರು ಬಂಬವನ್ನೇ ಬಾಯ್ಲರ್ ಅಂತಾರೆ.) ಕೊಳವೆಯ ಒಳಗೆ ಕಟ್ಟಿಗೆ ಉರಿಯುತ್ತದೆ, ಸುತ್ತ ನೀರು ನಿಂತಿರುತ್ತದೆ. ಹೊರಗಿನ ಮೈ ನಲವತ್ತು ವರ್ಷ ಬಂದರೂ ಈ ಕೊಳವೆ ಸವೆದು ತೆಳ್ಳಗಾಗಿರಬಹುದು. ಹಾಗಾಗಿ ಅಂಗಡಿಗೆ ಹೋಗುವಾಗ ಒಂದು ಅಯಸ್ಕಾಂತ, ಒಂದು ಟಾರ್ಚ್, ಹಳೇ ಪೇಪರ್ ಒಯ್ಯಿರಿ. ಅಯಸ್ಕಾಂತವನ್ನು ಹೊರಗೆ ಮಾತ್ರ ಅಲ್ಲ, ಕೊಳವೆಯ ಒಳಗೂ ಹಿಡಿಯಿರಿ. ಅಂಟಿಕೊಂಡರೆ ಅದು ಕಬ್ಬಿಣದ ಕೊಳವೆ, ಯಾರೋ ರಿಪೇರಿಯಲ್ಲಿ ಬದಲಾಯಿಸಿದ್ದಾರೆ. ತಾಮ್ರಕ್ಕೆ ತಾಗಿಕೊಂಡು ನೀರಲ್ಲಿ ನಿಂತ ಕಬ್ಬಿಣ ಬಹಳ ಬೇಗ ತುಕ್ಕು ಹಿಡಿಯುತ್ತದೆ, ಅಂಥದ್ದು ಬೇಡ. ಆಮೇಲೆ ಟಾರ್ಚ್ ಹಾಕಿ ಬೆಸುಗೆ ನೋಡಿ. ಹಳೇ ಕೆಲಸದಲ್ಲಿ ಜೋಡಣೆಯ ಗೆರೆ ಹಳದಿಯಾಗಿ, ಹಿತ್ತಾಳೆ ಬಣ್ಣದಲ್ಲಿ ಕಾಣುತ್ತದೆ. ಅದು ಗಟ್ಟಿ. ಬೆಳ್ಳಗೆ ಮುದ್ದೆಮುದ್ದೆಯಾಗಿ ಮೆತ್ತಿದ್ದರೆ ತವರದ ಬೆಸುಗೆ. ತವರ 232 ಡಿಗ್ರಿಗೇ ಕರಗುತ್ತದೆ, ಸೀಸ ಸೇರಿದ್ದರೆ ಇನ್ನೂ ಬೇಗ, ಆದರೆ ತಾಮ್ರ ಕರಗಲು 1,085 ಡಿಗ್ರಿ ಬೇಕು. ನೀರು ಇರುವತನಕ ಎರಡೂ ಬೆಸುಗೆ ನಡೆಯುತ್ತವೆ, ಒಂದು ದಿನ ಯಾರಾದರೂ ನೀರು ಹಾಕದೆ ಬೆಂಕಿ ಹಚ್ಚಿದರೆ ತವರದ ಕತೆ ಮುಗಿಯಿತು. ಎಂ-ಸೀಲ್ ಮೆತ್ತಿದ್ದು ಕಂಡರಂತೂ ನಮಸ್ಕಾರ ಹೇಳಿ ಬಂದುಬಿಡಿ.

ಕೊನೆಗೆ ನೀರಿನ ಪರೀಕ್ಷೆ. ಇದನ್ನು ಮಾಡದೆ ದುಡ್ಡು ಕೊಡಬೇಡಿ. ಅಂಚಿನತನಕ ನೀರು ತುಂಬಿಸಿ, ಕೊಳವೆಯ ಕೆಳಗೆ ಒಣ ಪೇಪರ್ ಹಾಸಿ, ಒಂದು ಗಂಟೆ ಬಿಡಿ. ಪೇಪರ್ ಒದ್ದೆಯಾದರೆ ಉತ್ತರ ಸಿಕ್ಕಿತು ಅಲ್ವಾ? ಬುಧವಾರ, ಭಾನುವಾರದ ಸಂತೆಯ ಗದ್ದಲದಲ್ಲಿ 40 ಲೀಟರ್ ನೀರು ಎಲ್ಲಿಂದ ತರಲಿ ಅಂತ ಅಂಗಡಿಯವರು ಗೊಣಗಬಹುದು. ಹತ್ತಿರದ ಚಹಾದವರ ಹತ್ತಿರ ಎರಡು ಕ್ಯಾನ್ ಕೇಳಿ ತನ್ನಿ, ನಾಚಿಕೆ ಬೇಡ.

ಟ್ಯಾಂಕರ್ ನೀರು ಅಂದಿರಿ. ಅದು ಬೋರ್‌ವೆಲ್ ನೀರಾಗಿದ್ದರೆ ಒಳಗೆ ಬಿಳಿ ಪದರ ಕಟ್ಟುತ್ತದೆ. ಪದರ ದಪ್ಪಗಾದರೆ ಕಟ್ಟಿಗೆ ಜಾಸ್ತಿ ಬೇಕು, ಕೊಳವೆಯೂ ಅತಿಯಾಗಿ ಕಾಯುತ್ತದೆ. ಆಗಾಗ ನಿಂಬೆಸತ್ತು ಹಾಕಿದ ನೀರು ತುಂಬಿಟ್ಟು ತೊಳೆಯಬೇಕು.

ಈಗ ಬಿಲ್ಲಿನ ವಿಷಯ. 40 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಕಾಯಿಸಲು ಸುಮಾರು 1.2 ಯೂನಿಟ್ ಸಾಕು. ಒಂದು ಕಿಲೋ ಒಣ ಜಾಲಿ ಕಟ್ಟಿಗೆಯಲ್ಲಿ 4 ಯೂನಿಟ್‌ನಷ್ಟು ಶಾಖ ಇದೆ, ಆದರೆ ಬಂಬದಲ್ಲಿ ಅರ್ಧಕ್ಕಿಂತ ಜಾಸ್ತಿ ಚಿಮಣಿಯಲ್ಲೇ ಹೋಗುತ್ತದೆ. ಅಂದರೆ ಹೆಚ್ಚುಕಡಿಮೆ ಕಿಲೋಗೆ ಒಂದು ಬಂಬ ನೀರು ಅಂದುಕೊಳ್ಳಿ. ನಿಮ್ಮ ಬಿಲ್ಲಿನ ಯೂನಿಟ್ ದರ ನೋಡಿ, ವಖಾರಿಯ ಕಟ್ಟಿಗೆ ದರ ಕೇಳಿ, ಲೆಕ್ಕ ಹಾಕಿ. ಕೊಂಡ ಕಟ್ಟಿಗೆಯಲ್ಲಿ ಉಳಿತಾಯ ಅಂಥದ್ದೇನೂ ಕಾಣದು. ತೆಂಗಿನ ಚಿಪ್ಪು, ಒಣ ಟೊಂಗೆ ಪುಕ್ಕಟೆ ಸಿಗುತ್ತಿದ್ದರೆ ಮಾತು ಬೇರೆ. ಬಡಿಗನ ಹತ್ತಿರ ಪ್ಲೈವುಡ್ ತುಂಡು ಪುಕ್ಕಟೆ ಸಿಗುತ್ತದೆ ಅಂತ ತಂದು ಹಾಕಬೇಡಿ, ಅದರ ಅಂಟಿನ ಹೊಗೆ ಕೆಟ್ಟದ್ದು.

ಬೆಲೆ? ತೂಕದ ರೇಟಿಗೆ ಹೆದರಬೇಡಿ, ಆದರೆ ಮೊದಲು ಭಾಂಡಿ (ಪಾತ್ರೆ) ಅಂಗಡಿಯಲ್ಲಿ ‘ಮೋಡ್’ ರೇಟು, ಅಂದರೆ ಹಳೇ ತಾಮ್ರ ಕೊಳ್ಳುವ ದರ, ಕೇಳಿಕೊಂಡು ಹೋಗಿ. ತೂಗುವಾಗ ಕಬ್ಬಿಣದ ಜಾಲರಿ, ಬೂದಿ ತಟ್ಟೆ ತೆಗೆಸಿ! ಸಣ್ಣ ರಿಪೇರಿ ಇದ್ದರೆ ಕಸಬಾ ಪೇಟೆಯ ತಾಂಬಟ್ ಆಳಿಯಲ್ಲಿ ಒಮ್ಮೆ ತೋರಿಸಿ. ತಲೆಮಾರುಗಳಿಂದ ತಾಮ್ರ ಬಡಿಯುವವರ ಬೀದಿ ಅದು.

ಇನ್ನು ಎರಡು ಮಾತು, ಇವನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬಂಬ ಹಿಂದಿನ ತೆರೆದ ಜಾಗದಲ್ಲೇ ಇರಲಿ. ಚಳಿ, ಮಳೆ ಅಂತ ಬಚ್ಚಲೊಳಗೆ ತರಬೇಡಿ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಬೀಳುತ್ತಾರೆ. ಮತ್ತೆ, ಪ್ಲಂಬರ್‌ಗೆ ಹೇಳಿ ಪೈಪಿಗೆ ಜೋಡಿಸಿ, ಎರಡೂ ಕಡೆ ವಾಲ್ವ್ ಹಾಕಿಸುವ ಐಡಿಯಾ ಬೇಡವೇ ಬೇಡ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ, ದಾರಿ ಮುಚ್ಚಿದ್ದರೆ ಬಂಬ ಸಿಡಿಯುತ್ತದೆ. ಆಲಿಕೆಯಿಂದ ತಣ್ಣೀರು ಸುರಿದರೆ ಮೇಲಿನ ಮೂತಿಯಿಂದ ಬಿಸಿನೀರು ಬರುತ್ತದಲ್ಲ, ಆ ಹಳೇ ಮಾದರಿ ಸಿಕ್ಕರೆ ಅದನ್ನೇ ತಗೊಳ್ಳಿ. ಸುರಿದಷ್ಟೇ ಹೊರಬರುತ್ತದೆ, ಹಾಗಾಗಿ ಒಳಗೆ ಸುಲಭಕ್ಕೆ ಬರಿದಾಗುವುದಿಲ್ಲ.

ಪೇಪರ್ ಒಣಗಿದ್ದಂತೆಯೇ ಉಳಿದರೆ ತಗೊಳ್ಳಿ, ಅತ್ತೆ ಖುಷಿಪಡಲಿ.

ಪ್ರಶ್ನೆ: ಗೋವಾದ ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಹಳೇ ತಾಮ್ರದ ಭಾಣ (ನೀರು ಕಾಯಿಸುವ ಹಂಡೆ) ಸಿಕ್ಕಿತು. ಒಳಗೆ ಕಲಾಯಿ ಹೋಗಿದೆ. ಒಲೆ ಮೇಲಿಟ್ಟು ನೀರು ಕಾಯಿಸಬಹುದಾ?

ಉತ್ತರ: ಸ್ನಾನಕ್ಕೆ ಧಾರಾಳವಾಗಿ. ಹಸಿರು ಕಿಲುಬು ಇದ್ದರೆ ತಿಕ್ಕಿ ತೊಳೆಯಿರಿ ಅಷ್ಟೇ. ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಹಳೇ ಬೆಸುಗೆಯಲ್ಲಿ ಸೀಸ ಇರಬಹುದು. ಕಲಾಯಿ ಹಾಕಿಸಿದರೂ ಬೆಸುಗೆ ಹಾಕಿದ ಪಾತ್ರೆಯನ್ನು ಬಚ್ಚಲಿಗೇ ಇಟ್ಟುಕೊಳ್ಳಿ.